ತಲೆಕೆಳಗಾದ ಎಲೆ

ನಮ್ಮ ಮುದ್ರಣಾಲಯದ ಅಂಚಕ್ಕನಿಗೆ ಆ ಹೆಸರಿಟ್ಟವನು ನಾನೇ. ನಾನು ಕಾಗದ ಕತ್ತರಿಸುವ ಬೈಂಡರ್, ಆಕೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವವಳು. ರಸೀದಿ ಪುಸ್ತಕವಿರಲಿ, ಅಂಗಡಿ ಜಾಹೀರಾತಿರಲಿ, ಸುತ್ತ ಬಳ್ಳಿಯ ಅಂಚು ಹಾಕದೆ ಬಿಟ್ಟವಳಲ್ಲ. ಬಳ್ಳಿ ಅವಳೇ ಕೈಯಾರೆ ಬಿಡಿಸಿದ್ದು. ಎಡಮೂಲೆಯಲ್ಲಿ ಒಂದು ಎಲೆ ತಲೆಕೆಳಗಾಗಿತ್ತು. "ಸರಿ ಮಾಡಿ ಅಕ್ಕಾ" ಎಂದರೆ, "ಇರ್ಲಿ ಬಿಡೋ, ನನ್ನ ಕೂಸು ಅಂತ ಗುರುತಿಗೆ" ಎನ್ನುತ್ತಿದ್ದಳು.

ಬೆರಳು ಮಾತ್ರ ಬಲು ಚುರುಕು. ಆದರೆ ಟೈಪ್ ಮಾಡಿದ್ದನ್ನು ಆಕೆ ಓದುತ್ತಿರಲಿಲ್ಲ. ಕಣ್ಣಿಂದ ಒಳಗೆ ಹೋದದ್ದು ಬೆರಳಿಂದ ಹೊರಗೆ ಬರುತ್ತಿತ್ತು, ನಡುವೆ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಕಸುಬೇ ಹಾಗೆ, ಓದುತ್ತಾ ಕೂತರೆ ಕೆಲಸ ಸಾಗುವುದಿಲ್ಲ. ಕತ್ತರಿಸುವಾಗ ನಾನಾದರೂ ನೋಡುವುದು ಗೆರೆಯನ್ನು ಮಾತ್ರ.

ಆ ಸೋಮವಾರ ಬೆಳಿಗ್ಗೆ ಅವಳ ಮಗಳ ಫೋನ್ ಬಂತು. ಮೊಮ್ಮಗಳಿಗೆ ಒಂಬತ್ತು ತಿಂಗಳು ತುಂಬಿ, ಅಂದು ದಡಾರದ ಲಸಿಕೆ ಹಾಕಿಸಬೇಕಿತ್ತು. ಮಗಳ ಮನೆಯಿಂದ ಎರಡೇ ಬೀದಿ ಆಚೆ ಮೂರು ಮಕ್ಕಳಿಗೆ ದಡಾರ ಎದ್ದಿತ್ತು. ಅದರಲ್ಲೊಂದು ಉಸಿರಾಡಲು ಆಗದೆ ಆಸ್ಪತ್ರೆ ಸೇರಿತ್ತು.

"ಅಮ್ಮಾ, ನಾನು ಹಾಕಿಸಲ್ಲ. ಆ ಸೂಜಿ ಹಾಕಿದ್ರೆ ಮಕ್ಕಳಿಗೆ ಮಾತೇ ಬರಲ್ವಂತೆ."

"ಯಾರೇ ಹೇಳಿದ್ದು?"

"ನೆಟ್ಟಲ್ಲಿ ನೋಡ್ದೆ. ಒಂದಲ್ಲ, ನಾಲ್ಕು ಕಡೆ ಇದೆ. ಡಾಕ್ಟರುಗಳೇ ಅಚ್ಚು ಹಾಕಿಸಿದ್ದಾರೆ. ಕಳಿಸಿದೀನಿ, ನೋಡು."

ಫೋನಿನಲ್ಲಿ ನಾಲ್ಕು ಚಿತ್ರಗಳು ಬಂದವು. ಅಂಚಕ್ಕ ಮೊದಲನೆಯದನ್ನು ದೊಡ್ಡದು ಮಾಡಿದಳು, ಎರಡನೆಯದನ್ನು ಮಾಡಿದಳು. ಮೂರನೆಯದರ ಎಡಮೂಲೆಗೆ ಬೆರಳಿಟ್ಟಳು. "ಇಲ್ಲಿ ನೋಡೋ" ಎಂದು ನನ್ನತ್ತ ಚಾಚಿದಳು. ನಾಲ್ಕೂ ಒಂದೇ ಕರಪತ್ರದ ಫೋಟೋ. ನಾಲ್ಕರಲ್ಲೂ ಎಡಮೂಲೆಯ ಎಲೆ ತಲೆಕೆಳಗಾಗಿತ್ತು.

ಹಿಂದಿನ ವರ್ಷ ಒಬ್ಬ ಗಿರಾಕಿ ಬಂದಿದ್ದ. ನೆಟ್ಟಿನಲ್ಲಿ ಯಾರೋ ಗೀಚಿದ್ದನ್ನು ಫೋನಿನಲ್ಲಿ ತೋರಿಸಿ, ಹೀಗೇ ಅಚ್ಚು ಮಾಡಿಕೊಡಿ ಎಂದಿದ್ದ. ಆಕೆ ಓದದೆ ಜೋಡಿಸಿದಳು. ಕೊನೆಯಲ್ಲಿ ಎರಡು ಬೆರಳಗಲ ಜಾಗ ಉಳಿಯಿತು. ಖಾಲಿ ಜಾಗ ಕಂಡರೆ ಆಕೆಗೆ ಆಗದು. "ಕೆಳಗೆ ಬೋಳು ಬೋಳಾಗಿದೆ, 'ತಜ್ಞ ವೈದ್ಯರ ಬಳಗ' ಅಂತ ಹಾಕ್ಲಾ?" ಎಂದು ಕೇಳಿದ್ದು ಅವಳೇ. ಅವನಿಗೇನು, ಹಲ್ಲು ಬಿಟ್ಟ. ಪಕ್ಕದಲ್ಲೇ ನಿಂತಿದ್ದ ನಾನು, "ಈಗ ಲಕ್ಷಣವಾಯ್ತು" ಎಂದು ತಲೆಯಾಡಿಸಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು!

ಅಂಚಕ್ಕ ಮಗಳಿಗೆ ಫೋನ್ ಮಾಡಿ, "ಅದನ್ನ ಮಾಡಿದ್ದು ನಾನೇ ಕಣೇ" ಎಂದಳು.

"ಸುಮ್ನಿರಮ್ಮ. ಸೂಜಿ ಹಾಕಿಸ್ಲಿ ಅಂತ ಏನೇನೋ ಹೇಳ್ಬೇಡ" ಎಂದು ಮಗಳು ಫೋನ್ ಇಟ್ಟುಬಿಟ್ಟಳು.

ಅಷ್ಟು ವರ್ಷದಲ್ಲಿ ಆಕೆ ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅಂದು ಮುಖದಲ್ಲಿ ರಕ್ತವೇ ಇರಲಿಲ್ಲ. "ಮಗೂಗೆ ಏನಾದ್ರೂ ಆದ್ರೆ ನಾನೇ ಕೊಂದ ಹಾಗೆ ಕಣೋ" ಎನ್ನುತ್ತಲೇ ಹಳೆಯ ಫೈಲು ಹುಡುಕಿ ತೆಗೆದಳು. ಕೊನೆಯ ಸಾಲು ಅಳಿಸಿದಳು, ಬೇರೆ ಟೈಪ್ ಮಾಡಿದಳು, ಒಂದು ಪ್ರತಿ ತೆಗೆದಳು. ನನ್ನ ಸ್ಕೂಟರಿನ ಹಿಂದೆ ಕೂತವಳು ದಾರಿಯುದ್ದಕ್ಕೂ ನನ್ನ ಅಂಗಿ ಹಿಡಿದೇ ಇದ್ದಳು.

ಮಗಳು ಬಾಗಿಲು ತೆಗೆದಾಗ ಮಗು ಸೊಂಟದ ಮೇಲಿತ್ತು. ಅಂಚಕ್ಕ ಮೊದಲು ಅದರ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಆಮೇಲೆ ಹಾಳೆ ಕೊಟ್ಟಳು. ಅದೇ ಬಳ್ಳಿ, ಅದೇ ಎಲೆ, ಅದೇ ಕೆಂಪು ತಲೆಬರಹ. ಕೆಳಗೆ ಮಾತ್ರ ಹೀಗಿತ್ತು: "ಇದರ ಹಿಂದೆ ಯಾವ ಡಾಕ್ಟರೂ ಇಲ್ಲ. ಇರುವವಳು ನಿನ್ನ ಅಮ್ಮ."

ಮಗಳು ಫೋನಿನ ಚಿತ್ರವನ್ನೂ ಹಾಳೆಯನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

"ಅಮ್ಮಾ, ನೀನು ಓದ್ಲೇ ಇಲ್ವಾ?"

ಅಂಚಕ್ಕ ಮಗುವನ್ನು ತನ್ನ ಸೊಂಟಕ್ಕೆ ತೆಗೆದುಕೊಂಡಳು. ಮಗಳು ಚಪ್ಪಲಿ ಮೆಟ್ಟಿದಳು.

ಆರೋಗ್ಯ ಕೇಂದ್ರ ಮುಚ್ಚಲು ಇನ್ನು ಅರ್ಧ ಗಂಟೆಯಿತ್ತು. ಸೂಜಿ ಚುಚ್ಚಿದಾಗ ಮಗು ಕಿಟಾರನೆ ಕಿರುಚಿತು. "ಅಳು ಪುಟ್ಟಾ, ಜೋರಾಗಿ ಅಳು" ಎನ್ನುತ್ತಾ ಅಂಚಕ್ಕನೂ ಅತ್ತಳು. ಇನ್ನು ಹೆದರಿಕೆಯಿಲ್ಲ ಎಂದುಕೊಂಡು ನಾನು ಗೋಡೆಗೆ ಒರಗಿದೆ.

ನರ್ಸಮ್ಮ ಪಟ್ಟಿಯಲ್ಲಿ ಗುರುತು ಹಾಕಿ ನಿಟ್ಟುಸಿರು ಬಿಟ್ಟಳು. "ಇವತ್ತು ಮೂವತ್ತೊಂದು ಮಕ್ಕಳು ಬರ್ಬೇಕಿತ್ತು. ನಿಮ್ಮದು ಸೇರಿ ಹನ್ನೊಂದು. ಎಲ್ಲರ ಮನೇಲೂ ಅದ್ಯಾವುದೋ ಚೀಟಿ ಇದೆಯಂತೆ."

ಅಂಚಕ್ಕನ ಅಳು ಅಲ್ಲಿಗೇ ನಿಂತಿತು. ನನ್ನತ್ತ ತಿರುಗಿ, ಪಿಸುದನಿಯಲ್ಲಿ ಕೇಳಿದಳು:

"ಅವತ್ತು ಎಷ್ಟು ಪ್ರತಿ ಕತ್ತರಿಸಿದ್ದೆ?"

"ಎರಡು ಸಾವಿರ, ಅಕ್ಕಾ."