ಜಪಾನೀ ಕಾರ್ಡುಗಳ ಹಿಂಬದಿ

ಇವತ್ತು ಆಯುಧಪೂಜೆ. ಡಲ್ಲಾಸ್ ಪಕ್ಕದ ಕಾಪೆಲ್ ಊರಿನ ನಮ್ಮ ಮನೆಯ ಮುಂದೆ ಅಳಿಯಂದಿರ ಕಾರಿಗೆ ಕುಂಕುಮವಿಟ್ಟು, ಉದ್ಧರಣೆಯಲ್ಲಿ ನೀರು ತೆಗೆದವಳು ಹಾಗೇ ನಿಂತುಬಿಟ್ಟೆ. ಪೂಜೆಗೆ ಇಟ್ಟದ್ದರ ಮೇಲೆ ಎರಡು ಹನಿ ಚಿಮುಕಿಸುವುದು ನಿಮ್ಮ ಮನೆಯಲ್ಲೂ ಇರಬೇಕು. ನನಗೆ ಮಾತ್ರ ಈಗ ಕೈ ಹಿಂದಕ್ಕೆ ಬರುತ್ತದೆ.

ನನ್ನ ಮಗಳು ಸುಮಾ ಡಲ್ಲಾಸ್‌ನ ಆಫೀಸಿನಲ್ಲಿ ಜಪಾನಿನವರ ಜೊತೆ ಕೆಲಸ ಮಾಡುತ್ತಿದ್ದಳು. ಅವರ ಭಾಷೆ ಕಲಿಯಲು ಕಾರ್ಡುಗಳನ್ನು ಮಾಡಿಕೊಂಡಿದ್ದಳು. ಮುಂದೆ ಜಪಾನೀ ಅಕ್ಷರ. ಹಿಂದೆ ಅದನ್ನು ಓದುವ ಬಗೆ, ಕನ್ನಡದಲ್ಲಿ. ಅವಳು ಕಾಯಿಲೆಯಲ್ಲಿ ಹೋದಾಗ ಮೊಮ್ಮಗಳು ನಿಧಿಗೆ ಒಂಬತ್ತು ವರ್ಷ. ಮಗುವನ್ನು ನೋಡಿಕೊಳ್ಳಲೆಂದು ಮೈಸೂರಿನಿಂದ ಬಂದವಳು ಇಲ್ಲೇ ಉಳಿದೆ.

ಹೈಸ್ಕೂಲಿನಲ್ಲಿ ನಿಧಿ ಜಪಾನೀ ತೆಗೆದುಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಒಂದು ದಿನ ಆ ಕಾರ್ಡುಗಳನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಅವಳಿಗೆ ಕನ್ನಡ ಓದಲು ಬಾರದು. ನಾನೋ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅಂಥವಳು ಮೇಷ್ಟರಾದೆ.

"ದಿಸ್ ಈಸ್ ಬಿಗ್, ದೈ. ದಿಸ್ ಈಸ್ ಪರ್ಸನ್, ಜಿನ್," ಎಂದು ಎರಡು ಅಕ್ಷರ ತೋರಿಸಿದಳು. "ಸೋ, ದೈಜಿನ್?"

ಹಿಂದೆ ತಿರುಗಿಸಿ ನೋಡಿದೆ. "ಅಲ್ಲ ಕಣೇ. ಒತೊನ."

"ದಟ್ಸ್ ನಾಟ್ ಫೇರ್, ಅಜ್ಜಿ."

"ನನ್ನ ಮೇಲೆ ಯಾಕೆ ಸಿಟ್ಟು? ಬರೆದಿರೋಳು ನಿಮ್ಮಮ್ಮ."

ಒತೊನ ಎಂದರೆ ಬೆಳೆದು ದೊಡ್ಡವರಾದವರಂತೆ. ಒಂದೊಂದೇ ಅಕ್ಷರ ಓದಲು ಬಂದರೂ, ಜೊತೆಯಾದಾಗ ಬೇರೆಯೇ ಆಗಿಬಿಡುವ ಮಾತುಗಳು ಇವೆಯಂತೆ. ಊಹಿಸಿ ಓದಲಾಗದು, ಗೊತ್ತಿದ್ದವರು ಹೇಳಬೇಕು, ಇಡಿಯಾಗಿ ಬಾಯಿಗೆ ಬರಬೇಕು. ಸುಮಾ ಅಂಥವನ್ನು ಬೇರೆ ತೆಗೆದು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಳು. ನಿಧಿಗೆ ಆ ಕಟ್ಟೇ ಬೇಕು. ದಿನಾ ಸ್ಕೂಲಿನಿಂದ ಬಂದು ಅವಲಕ್ಕಿ ತಿನ್ನುತ್ತ ಅರ್ಧ ಗಂಟೆ. ಅಮ್ಮನ ಹೆಸರೆತ್ತಿದರೆ ಎದ್ದುಹೋಗುತ್ತಿದ್ದ ಹುಡುಗಿ ಈಗ ಪ್ರತಿ ಕಾರ್ಡಿಗೂ, "ವಾಟ್ ಡಸ್ ಅಮ್ಮ ಸೇ?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಹೇಳಿ ಹೇಳಿ, ಅರ್ಥ ಗೊತ್ತಿಲ್ಲದೆಯೇ, ಯಾವ ಕಾರ್ಡಿಗೆ ಯಾವ ಮಾತೆಂದು ಅಷ್ಟೂ ನನಗೆ ಬಾಯಿಪಾಠವಾಯಿತು.

ಆ ವರ್ಷ ಸರಸ್ವತಿ ಪೂಜೆಯ ದಿನ ಅವಳ ಪುಸ್ತಕಗಳ ಮೇಲೆ ಆ ಕಟ್ಟನ್ನೂ ಬಿಚ್ಚಿ ಹರಡಿದೆ, ಸುಮಾಳ ಬರಹ ಮೇಲೆ ಬರುವ ಹಾಗೆ. ದೇವಿಯ ಕಣ್ಣಿಗೆ ಅದೇ ಬೀಳಲಿ ಎಂಬ ಆಸೆ. ಧಾರಾಳವಾಗಿ ನೀರು ಚಿಮುಕಿಸಿದೆ. ಮಾರನೆಯ ದಿನ ಎತ್ತಿದರೆ ಶಾಯಿ ಕರಗಿ, ಕುಂಕುಮ ಕೂಡಿ, ಬರೀ ಕಲೆ.

"ಹೇಗೆ ಓದೋದು ಅಂತ ಡಿಕ್ಷನರಿಲಿ ಸಿಗತ್ತೆ," ಎಂದಳು ನಿಧಿ. ಎಂದೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಅವತ್ತು ಕನ್ನಡ. "ಅಮ್ಮ ಬರ್ದಿದ್ದು ಎಲ್ಲಿ ಸಿಗತ್ತೆ?"

ಎರಡು ದಿನ ಅವಳು ಸ್ಕೂಲಿನಿಂದ ಬಂದು ನೇರ ತನ್ನ ಕೋಣೆಗೆ ಹೋದಳು. ಮೂರನೆಯ ದಿನ ಪೆನ್ನು ತಂದುಕೊಟ್ಟಳು.

"ನಿಂಗೆ ನೆನಪಿರೋದು ಬರಿ. ಅಮ್ಮ ಬರ್ದಿದ್ದರ ಮೇಲೆ ಬೇಡ. ಕೆಳಗೆ."

ಬರೆದೆ. ನನ್ನ ಅಕ್ಷರ ಒಂದು ಬೆಟ್ಟ ಹತ್ತಿದರೆ ಇನ್ನೊಂದು ಇಳಿಯುತ್ತದೆ. ಅವಳು ಪಕ್ಕದಲ್ಲಿ ಕೂತು, ಕೈ ಎಲ್ಲಿ ತಿರುಗುತ್ತದೆಂದು ನೋಡುತ್ತ, ಹಾಳೆಯ ಮೇಲೆ ಹಾಗೇ ತಿದ್ದುತ್ತಿದ್ದಳು. ಕಟ್ಟು ಮುಗಿಯುವ ಹೊತ್ತಿಗೆ ಅವಳಿಗೆ ಕನ್ನಡ ಓದಲು ಬರುತ್ತಿತ್ತು. ಈ ಸಂತೋಷವನ್ನು ಯಾರಿಗೆ ಹೇಳಲಿ? ಹೇಳಬೇಕಾದವಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಈಗ ನಿಧಿ ಆಸ್ಟಿನ್‌ನಲ್ಲಿ ಕಾಲೇಜು ಓದುತ್ತಾಳೆ. ನಾನು ಉದ್ಧರಣೆ ಹಿಡಿದು ನಿಂತಿದ್ದಾಗಲೇ ಅವಳ ಫೋನು ಬಂತು.

"ಅಜ್ಜಿ, ಕಿನೋ ಕಾರ್ಡ್ ನೋಡ್ತಿದೀನಿ. ನಿನ್ನೆ ಅನ್ನೋದು. ಇಷ್ಟು ದಿನ ಬರೀ ಕಲೆ ಅಂದ್ಕೊಂಡಿದ್ದೆ. ಒಳಗೆ ಅಮ್ಮನ 'ನೋ' ಇದೆ. ಬಾಲ ಇಷ್ಟುದ್ದ."

"ಅವಳ ದೀರ್ಘ ಹಾಗೇನೇ. ಪಕ್ಕದ ಸಾಲಿಗೆ ಹೋಗಿ ಕೂತ್ಕೊಳ್ಳೋದು. ಎರಡನೇ ಕ್ಲಾಸಲ್ಲಿ ಅದಕ್ಕೇ ಏಟು ತಿಂದಿದಾಳೆ."

"ಇನ್ನೂ ಹೇಳು," ಎಂದಳು.

ಅಳಿಯಂದಿರು ಆಫೀಸಿಗೆ ಹೊರಡಲು ಕಾಯುತ್ತಿದ್ದರು. ಉದ್ಧರಣೆಯ ನೀರನ್ನು ಹುಲ್ಲಿಗೆ ಚೆಲ್ಲಿ, ಮೆಟ್ಟಿಲ ಮೇಲೆ ಕೂತು, ಸುಮಾ ಹುಟ್ಟಿದ ದಿನದಿಂದ ಶುರುಮಾಡಿದೆ.