ಪ್ರಚಾರದ ದುಡ್ಡು ಮತ್ತು ಅತ್ತೆಯವರ ಫ್ಲೆಕ್ಸ್

ಬಿಸಿಲೇರಿದ ಮೇಲೆ ಫ್ಲೆಕ್ಸಿಗೆ ಒಂದು ವಾಸನೆ ಬರುತ್ತದೆ, ಗಮನಿಸಿದ್ದೀರಾ? ಹೊಸ ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟ ಹಾಗೆ. ಸೊಲ್ಲಾಪುರದ ನಮ್ಮ ಮಾಳಿಗೆಯ ಮೇಲೆ ಶೇಂಗಾ ಹರವಲು ಹೋದಾಗ ಇವತ್ತು ಅದೇ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫ್ಲೆಕ್ಸನ್ನು ಬಿಳಿ ಮಗ್ಗುಲು ಮೇಲೆ ಬರುವಂತೆ ಹಾಸಿ ಕಾಳು ಒಣಗಿಸುವುದು ನಮ್ಮೂರಿನ ಮಾಳಿಗೆಗಳ ಪದ್ಧತಿ. ಒಂದು ಕಾಲದಲ್ಲಿ ಚೌಕಿನಲ್ಲಿ ಕೈಮುಗಿದು ನಿಂತ ಮುಖಂಡರೆಲ್ಲ ಈಗ ಬೋರಲು ಮಲಗಿ ನಮ್ಮ ಹಪ್ಪಳ ಕಾಯುತ್ತಾರೆ. ಆದರೆ ಈ ಫ್ಲೆಕ್ಸಿನ ಕೆಳಗಿನ ಮಗ್ಗುಲಲ್ಲಿರುವುದು ಮುಖಂಡರಲ್ಲ, ನಮ್ಮ ಅತ್ತೆ.

ಕೆಲವು ವರ್ಷಗಳ ಹಿಂದಿನ ಮಾತು. ಅತ್ತೆಯವರ ತವರು ಅಕ್ಕಲಕೋಟ ತಾಲೂಕಿನ ಹನ್ನೂರ. ಅವರು ಒಳಕಲ್ಲಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿದ ಶೇಂಗಾ ಚಟ್ನಿಯನ್ನು ನಾವಿಬ್ಬರೂ ಪಾಕೀಟು ಮಾಡಿ ಮಾರುತ್ತಿದ್ದೆವು. ಬರಬರುತ್ತ ದೂರದವರೂ ಕೇಳತೊಡಗಿದಾಗ ಒಂದು ವೆಬ್‌ಸೈಟ್ ಮಾಡಿಸುವುದೆಂದಾಯಿತು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿತವಳೆಂದು ಆ ಕೆಲಸ ನನ್ನ ಪಾಲಿಗೆ ಬಂತು. ಚಟ್ನಿ ಮಾರಿ ಕೂಡಿಟ್ಟ ದುಡ್ಡಿನಲ್ಲಿ ಅರ್ಧ ವೆಬ್‌ಸೈಟ್ ಕಟ್ಟುವುದಕ್ಕೆ, ಇನ್ನರ್ಧ ಅಂಥದೊಂದು ಇದೆ ಎಂದು ಜನಕ್ಕೆ ತಿಳಿಸುವುದಕ್ಕೆ ಎಂದು ನಾನು ಪಾಲು ಮಾಡಿಟ್ಟೆ.

ನಮ್ಮ ಯಜಮಾನರು ಹುಬ್ಬೇರಿಸಿದರು. "ವೆಬ್‌ಸೈಟ್ ಹಚ್ಚಿದ್ರ ಮಂದಿ ತಾವ ಬರ್ತಾರಲ್ಲ?"

"ಗಲ್ಲಿ ಒಳಗ ಅಂಗಡಿ ಹಾಕಿ ಬೋರ್ಡ್ ಹಚ್ಚಲಿಲ್ಲಂದ್ರ ಯಾರ್ ಬರ್ತಾರ್ರಿ?" ಅಂದೆ. ಅವರು ಮತ್ತೆ ಪೇಪರಿಗೆ ಮುಖ ಕೊಟ್ಟರು.

ಅಷ್ಟರಲ್ಲಿ ಯಜಮಾನರ ಅಣ್ಣ, ನಮ್ಮ ಭಾವನವರಿಗೆ ಆ ಇನ್ನರ್ಧದ ಸುಳಿವು ಹತ್ತಿತು. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ನಡುವೆ ಅವರದು ಟಾವೆಲ್ ಗೋದಾಮು. ಗೋದಾಮಿನ ಶಟರ್ ಬದಲಿಸಿದಾಗಲೂ ರಿಬ್ಬನ್ ಕತ್ತರಿಸಿದ ಮನುಷ್ಯ.

"ಹಾಲ್ ಬುಕ್ ಮಾಡೋಣು. ಸಾಹೇಬ್ರನ್ನ ಕರಸೋಣು. ಶಾಲು, ತಲಿಗಿ ಫೇಟಾ, ನಾಷ್ಟಾ. ಚೌಕಿನ್ಯಾಗ ದೊಡ್ಡ ಫ್ಲೆಕ್ಸ್. ಉದ್ಘಾಟನ ಅಂದ್ರ ಹಂಗ ಆಗಬೇಕ್ ನೋಡು."

"ರಿಬ್ಬನ್ ಎಲ್ಲಿ ಕಟ್ಟೂದ್ರಿ ಭಾವಾರ? ಅದು ವೆಬ್‌ಸೈಟ್."

ಅವರು ಗಡ್ಡ ಕೆರೆದುಕೊಂಡು ಯೋಚಿಸಿದರು. "ಲ್ಯಾಪ್‌ಟಾಪಿಗಿ ಕಟ್ಟೋಣು."

ಫ್ಲೆಕ್ಸಿನ ನಕ್ಷೆ ಅವರ ಮೊಬೈಲಿನಲ್ಲಿ ಆಗಲೇ ತಯಾರಿತ್ತು. ಮೇಲೆ ಊರಿನ ಮುಖಂಡರಾದ ಸಾಹೇಬರು, ಅವರ ಕೆಳಗೆ ಭಾವ, ಆಮೇಲೆ ನಮ್ಮ ಯಜಮಾನರು, ಕಾಕಾಗಳು, ಕಾಕಾಗಳ ಮಕ್ಕಳು, ಕೊನೆಗೆ ಶುಭೇಚ್ಛುಕರ ಸಾಲಿನಲ್ಲಿ ಇನ್ನೂ ಹಲ್ಲು ಬಾರದ ಒಂದು ಗಂಡುಕೂಸು. ಚಟ್ನಿ ಮೂಲೆಯಲ್ಲಿ ಚಮಚದಷ್ಟಿತ್ತು. ಹೆಂಗಸರು ಅಷ್ಟೂ ಇರಲಿಲ್ಲ.

ನಾನು ದನಿಯೇರಿಸಿದವಳಲ್ಲ. ಒಳ್ಳೆಯ ಹುಡುಗಿ ತನ್ನನ್ನು ತಾನೇ ಮುಂದೆ ಮಾಡಿಕೊಳ್ಳುವುದಿಲ್ಲ ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದು ಈಗಲೂ ಬೆನ್ನನ್ನು ಕೊಂಚ ಬಗ್ಗಿಸಿಯೇ ಇಡುತ್ತದೆ. ಆದರೂ ಅಂದೆ: "ಒಂದ ದಿನದಾಗ ಎಲ್ಲಾ ಸುಡಂಗಿಲ್ರಿ. ಚಲೋ ಫೋಟೋಕ್ಕ ಒಂದು ಪಾಲು. ಪುಣೆದಾಗ ಅಡಿಗಿ ಬಗ್ಗೆ ಬರಿಯೋರಿಗಿ ಪಾಕೀಟ್ ಕಳಸಾಕ ಒಂದು ಪಾಲು. ಉಳದದ್ದು ಮುಂದಿನ ತಿಂಗಳಿಗಿ. ಒಂದ ಸಲ ಹೇಳಿದ್ರ ಮಂದಿ ಮರೀತಾರ. ಫ್ಲೆಕ್ಸಿಗಿ ಒಂದ್ ಪೈಸಾನೂ ಇಲ್ಲ."

"ಕಾನ್ವೆಂಟ್ ಕಲತಾಕಿ ಮುಂದ ನಾವೇನ್ರೀಪಾ!" ಎಂದು ಭಾವನವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಗೆದ್ದೆನೆಂದು ನನಗೆ ಒಳಗೊಳಗೇ ಹಿಗ್ಗು.

ಸಂಜೆ ಅಡುಗೆಮನೆಯಲ್ಲಿ ಅತ್ತೆಯವರು ಬೆಳ್ಳುಳ್ಳಿ ಸುಲಿಯುತ್ತ, ನನ್ನ ಕಡೆ ನೋಡದೆ ಕೇಳಿದರು. "ಫ್ಲೆಕ್ಸ್ ಬ್ಯಾಡಂತ ಯಾಕಂದಿ?"

"ಅಗ್ಗದ್ದು ಕಾಣ್ತದ್ರಿ ಅತ್ತಿ."

"ನಿನಗ ಅಗ್ಗ. ನನ್ನ ಹೊಟ್ಯಾಗ ಹುಟ್ಟಿದವ್ರೆಲ್ಲಾ ಅದರ ಮ್ಯಾಲ ನಿಂತು ಕೈಮುಗದಾರ. ನಾ ಒಬ್ಬಾಕಿ ನಿಂತಿಲ್ಲ."

ಬೆಳ್ಳುಳ್ಳಿಯ ಸಿಪ್ಪೆ ಫ್ಯಾನಿನ ಗಾಳಿಗೆ ನೆಲದ ತುಂಬ ಹಾರಾಡಿತು. ನಾನು ಅದನ್ನು ಒಂದೊಂದಾಗಿ ಆಯ್ದೆ.

ಮುಂದಿನ ತಿಂಗಳ ಪಾಲಿನಿಂದ ಒಂದು ಚೂರು ತೆಗೆದೆ. ಒಂದೇ ಫ್ಲೆಕ್ಸ್, ಒಂದೇ ಮುಖ. ಇಳಕಲ್ ಸೀರೆಯಲ್ಲಿ ತಲೆತುಂಬ ಸೆರಗು ಹೊದ್ದು ನಗುತ್ತಿರುವ ಅತ್ತೆ. ಕೆಳಗೆ ಕನ್ನಡ, ಮರಾಠಿ ಎರಡರಲ್ಲೂ "ಗೌರಾಬಾಯಿಯ ಶೇಂಗಾ ಚಟ್ನಿ" ಮತ್ತು ವೆಬ್‌ಸೈಟಿನ ವಿಳಾಸ. ಮುದ್ರಿಸುವವನು ತನ್ನ ಖುಷಿಗೆ ಸುತ್ತಲೂ ಚೆಂಡುಹೂವಿನ ಅಂಚು ಕೊಟ್ಟಿದ್ದ. ಚೆಂದ ಕಂಡಿತು. ಅಕ್ಕಲಕೋಟದಲ್ಲಿ ಅತ್ತೆಯವರ ತಮ್ಮನ ಅಂಗಡಿ ಹನ್ನೂರಿನ ದಾರಿಗೇ ಇದೆ. ಅದರ ಗೋಡೆಗೆ ಏರಿಸಿದೆವು.

ನಮ್ಮ ಕಡೆ ಹೆಂಗಸಿನ ಮುಖ ಒಂದೇ, ಅದೂ ಹೂವಿನ ನಡುವೆ, ಫ್ಲೆಕ್ಸಿನ ಮೇಲೆ ಯಾವಾಗ ಏರುತ್ತದೆ ಎಂಬುದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಓಡುವ ಬಸ್ಸಿನಲ್ಲಿ ಕೂತವರು ಕೆಳಗಿನ ಅಕ್ಷರ ಓದುತ್ತಾರೆಯೇ? ಮರುದಿನ ಮಧ್ಯಾಹ್ನದೊಳಗೆ ಹನ್ನೂರಿನಿಂದ ಅತ್ತೆಯವರ ದೊಡ್ಡಪ್ಪನ ಮಗಳು ನೀಲವ್ವ ಗೇಟಿನಿಂದಲೇ ಅಳುತ್ತ ಬಂದಳು. ಬಾಗಿಲು ತೆರೆದವರು ಸ್ವತಃ ಅತ್ತೆ.

"ಯಾರ್ ಹೋದ್ರ ನೀಲಾ?"

ನೀಲವ್ವ ಅಳು ನಿಲ್ಲಿಸಿ ಅತ್ತೆಯವರ ಕೈ ಮುಟ್ಟಿ ನೋಡಿದಳು. "ನೀನ ಅಲ್ಲೇನ?"

"ಇನ್ನಾ ಇಲ್ಲ. ಬಾ ಒಳಗ, ರೊಟ್ಟಿ ಉಣ್ಣು."

ಆಮೇಲೆ ಬಂದವರಿಗೆಲ್ಲ ಅದೇ ರೊಟ್ಟಿ, ಅದೇ ಚಟ್ನಿ. ಭಾವನವರು ಸಂಜೆ ಗೋದಾಮಿನಿಂದ ನೇರ ಬಂದರು, ಮುಖ ಕೆಂಪಗಾಗಿತ್ತು. "ಇಳಸವ್ವಾ ಅದನ್ನ! ಮಂದಿ ಶ್ರದ್ಧಾಂಜಲಿ ಫ್ಲೆಕ್ಸ್ ಅಂತ ತಿಳದು ಫೋನ್ ಮಾಡಿ ನನಗ ಸಮಾಧಾನ ಹೇಳಾಕತ್ತಾರ!"

"ಇಳಸಂಗಿಲ್ಲ. ನಾ ಸತ್ತ ಮ್ಯಾಲ ನೀ ಹೆಂಗೂ ಹಾಕಸಾವನ. ಆಗ ನನಗೇನ್ ಕಾಣ್ತದ? ಈಗ ನೋಡ್ಲಿ ಮಂದಿ."

"ಮರ್ಯಾದಿ ಅನ್ನೂದು..." ಎಂದು ಭಾವ ನನ್ನ ಕಡೆ ತಿರುಗಿದರು. ನಾನು ಅತ್ತೆಯವರ ಪಕ್ಕಕ್ಕೆ ಹೋಗಿ ನಿಂತೆ. "ಆ ದುಡ್ಡು ನಮ್ಮದ್ರಿ ಭಾವಾರ." ದನಿ ಸಣ್ಣದೇ ಇತ್ತು, ಆದರೆ ನಡುಗಲಿಲ್ಲ. ಫ್ಲೆಕ್ಸ್ ಇಳಿಯಲಿಲ್ಲ.

ಪುಣೆಗೆ ಕಳಿಸಿದ ಪಾಕೀಟುಗಳೂ ಕೆಲಸ ಮಾಡಿದವು, ನಿಧಾನವಾಗಿ. ಮೊದಲ ವಾರದ ಆರ್ಡರುಗಳು ಮಾತ್ರ ಬಂದದ್ದು ಅಳಲು ಬಂದು ಉಂಡುಹೋದವರ ಮಕ್ಕಳು, ಮೊಮ್ಮಕ್ಕಳಿಂದ. ಒಬ್ಬರಂತೂ ವಿಳಾಸದ ಜಾಗದಲ್ಲೇ "ಅಜ್ಜಿ ಅರಾಮ ಅದಾರೇನ್ರಿ?" ಎಂದು ಬರೆದಿದ್ದರು. ಅಷ್ಟು ಅಚ್ಚುಕಟ್ಟಾದ ನನ್ನ ಬಜೆಟ್ಟಿನಲ್ಲಿ ಇದಕ್ಕೊಂದು ಸಾಲೇ ಇರಲಿಲ್ಲ.

ಈಗ ವೆಬ್‌ಸೈಟಿಗೆ ಕಡಕ್ ರೊಟ್ಟಿಯನ್ನೂ ಸೇರಿಸುತ್ತಿದ್ದೇವೆ. ಪ್ರಚಾರಕ್ಕೆ ಮತ್ತೆ ದುಡ್ಡು ತೆಗೆದಿಟ್ಟಾಗಿದೆ. "ಈ ಸಲರ ಹಾಲ್ ಬುಕ್ ಮಾಡೋಣು" ಎಂದು ಭಾವನವರೂ ನಿನ್ನೆ ಬಂದು ಹೋದರು. ಅದನ್ನೇ ನೆನೆಯುತ್ತ ಶೇಂಗಾ ಹರವುತ್ತಿದ್ದಾಗ ಅತ್ತೆಯವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿ ಬಂದರು.

"ನನ್ನ ಮಾರಿ ಕೆಳಗ ಮಾಡಿ ಹಾಸೀಯಲ್ಲ ಸಣ್ಣಾಕಿ!"

"ಬಿಸಿಲಿಗಿ ಬಣ್ಣ ಹೋಗ್ತದ್ರಿ ಅತ್ತಿ."

"ಹೋಗ್ಲಿ. ಹೊಸಾದು ಮಾಡಸು."

"ಮಾಡಸ್ತೀನ್ರಿ. ಈ ಸಲ ನಿಮ್ಮ ಬಾಜೂಕ ನಾನೂ ನಿಂದರತೀನಿ."

ಹೇಳಿದ ಮೇಲೆಯೇ ನನ್ನ ಮಾತು ನನಗೆ ಕೇಳಿಸಿತು. ಅತ್ತೆಯವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ನಿಂದರು. ಬೆನ್ನ ನೆಟ್ಟಗ ಮಾಡಿ ನಿಂದರು. ಮತ್ತ ಆ ಹೂವಿನ ಅಂಚು ಬಿಡಬ್ಯಾಡ. ಮಂದಿ ಓಡಿ ಬರ್ತಾರ."