ಬಾನಿಯ ಮುಂದಿನ ಜಾಗ

ಆ ಭಾನುವಾರವೂ ಎದ್ದ ಕೂಡಲೇ ಬಚ್ಚಲ ಹಂಡೆಗೆ ಉರಿ ಹಾಕಿದೆ. ಆಮೇಲೆ ಬಾಗಿಲಿಗೆ ನೀರು, ನಾಲ್ಕೆಳೆ ರಂಗೋಲಿ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು, ಸಕ್ಕರೆ ಸಿಗುವುದೇ ಕಷ್ಟವಾಗಿತ್ತು. ಕಾಫಿಗೆ ಬೆಲ್ಲ ಕುಟ್ಟಿಟ್ಟೆ. ಓರಗಿತ್ತಿ ಹೆರಿಗೆಗೆಂದು ನಲ್ಲೂರಿನ ತವರಿಗೆ ಹೋಗಿದ್ದರು, ಒಲೆ ಪೂರ್ತಿ ನನ್ನ ಪಾಲಿಗೇ ಬಿದ್ದಿತ್ತು. ಅಂದು ಕ್ರಿಕೆಟ್ ಪಂದ್ಯ. ಎರಡೂ ತಂಡದವರಿಗೆ ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ. ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬುಟ್ಟಿ ಹಿಡಿದು ಹಿತ್ತಿಲ ಬಾಗಿಲಲ್ಲಿ ಕುಳಿತು ಒಂದೊಂದನ್ನೇ ಹಿದುಕತೊಡಗಿದೆ.

ಅಲ್ಲಿಂದ ಬಾವಿ ಕಾಣುತ್ತಿತ್ತು. ಹಿತ್ತಿಲ ಕೋಣೆಯಲ್ಲಿ ಸಂಸಾರ ಹೂಡಿದ್ದ ನಮ್ಮ ಹೊಸ ಬೌಲರ್ ನೀರು ಸೇದಲು ಬಂದರು. ಹಗ್ಗ ಹಿಡಿದು ಎರಡು ಮೊಳ ಎಳೆದಿರಬೇಕು, ಅಷ್ಟರಲ್ಲಿ ಅವರ ಹೆಂಡತಿ ಕಂಕುಳಿನ ಕೂಸನ್ನು ಚಾಪೆಯ ಮೇಲೆ ಬಿಟ್ಟು ಬಂದು ಮಾತಿಲ್ಲದೆ ಹಗ್ಗ ತೆಗೆದುಕೊಂಡಳು. ನಾನು ಕಾಫಿ ಕೊಟ್ಟಾಗ ಲೋಟವನ್ನು ಅವರು ಬೆರಳಿನಲ್ಲಿ ಹಿಡಿಯಲಿಲ್ಲ. ಎರಡು ಅಂಗೈಗಳ ನಡುವೆ ಇಟ್ಟುಕೊಂಡರು. ಚಳಿಗಿರಬೇಕು ಅಂದುಕೊಂಡೆ.

ವಿಜಯಪುರದಲ್ಲಿ ನಮ್ಮದು ರೇಷ್ಮೆ ಬಿಚ್ಚುವ ಮನೆ. ಹಿಂದಿನ ಉದ್ದನೆಯ ಕೊಟ್ಟಿಗೆಯಲ್ಲಿ ಎಂಟು ಬಾನಿಗಳು. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ, ಮುಂದೆ ಕುಳಿತವರು ಬೆರಳದ್ದಿ ಎಳೆ ಹಿಡಿದು ರಾಟೆಗೆ ಕೊಡುತ್ತಿರಬೇಕು. ಆಗ ವಿಮಾನದಿಂದ ಹಾರುವವರ ಕೊಡೆಗೆ ರೇಷ್ಮೆ ಬೇಕಾಗಿತ್ತು, ಭಾನುವಾರ ಬಿಟ್ಟರೆ ಯಾವ ಬಾನಿಯೂ ಒಂದು ದಿನವೂ ಆರುವಂತಿರಲಿಲ್ಲ. ಯಜಮಾನಿಕೆ ನಮ್ಮ ಭಾವನವರದು. ಕ್ರಿಕೆಟ್ ತಂಡದ ಹುಚ್ಚು ಅವರದೂ ಹೌದು, ಕ್ಯಾಪ್ಟನ್ ಆಗಿದ್ದ ನಮ್ಮವರದೂ ಹೌದು.

ನಾಲ್ಕು ತಿಂಗಳ ಹಿಂದೆ ಅಣ್ಣತಮ್ಮ ಸೇರಿ ಒಂದು ಅದಲುಬದಲು ಮಾಡಿದ್ದರು. ದೇವನಹಳ್ಳಿಯ ತಂಡವನ್ನು ಅಲ್ಲಿನ ಅಕ್ಕಿ ಗಿರಣಿಯ ಸಾಹುಕಾರರು ಸಾಕುತ್ತಿದ್ದರು. ಅವರಿಗೆ ವೇಗದ ಬೌಲರ್ ಬೇಕಾಗಿತ್ತು, ನಮ್ಮವರಿಗೆ ಸ್ಪಿನ್ ಬೌಲರ್. ನಮ್ಮ ಬಾನಿಯೊಂದರ ಮುಂದೆ ಎಂಟು ವರ್ಷ ಕುಳಿತಿದ್ದ ಎತ್ತರದ ಆಳು ಗಿರಣಿಗೆ ಹೋದರು. ಗಿರಣಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಈ ಸಣ್ಣ ಮೈಯವರು ಹೆಂಡತಿ ಕೂಸಿನ ಸಮೇತ ಇಲ್ಲಿಗೆ ಬಂದರು. ಹೋದವರ ಕೆಲಸ ಬಂದವರಿಗೆ, ಇವರ ಕೆಲಸ ಅವರಿಗೆ. ಇದಕ್ಕಿಂತ ನ್ಯಾಯವಾದ ವ್ಯವಹಾರ ಇಲ್ಲವೆಂದು ಎರಡೂ ಊರಿನವರು ಎಲೆ ಅಡಿಕೆ ಹಾಕಿಕೊಂಡು ಎದ್ದಿದ್ದರು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ್ದೆನೆಂದು ಪಂದ್ಯದ ಲೆಕ್ಕವನ್ನು ಇಂಗ್ಲಿಷಿನಲ್ಲಿ ನೀಟಾಗಿ ಬರೆದಿಡುವ ಕೆಲಸ ನನಗೇ ಬರುತ್ತಿತ್ತು. ಹಾಗಾಗಿ ನನಗೆ ಗೊತ್ತಿತ್ತು. ಬಂದವರು ಮೊದಲ ಪಂದ್ಯದಲ್ಲಿ ಆರು ವಿಕೆಟ್ ತೆಗೆದಿದ್ದರು. ಆಮೇಲೆ ಮೂರು. ಆಮೇಲೆ ಒಂದು. ಹಿಂದಿನ ಪಂದ್ಯದಲ್ಲಿ ಅವರ ಹೆಸರಿನ ಮುಂದೆ ನಾನು ಸೊನ್ನೆ ಸುತ್ತಿದ್ದೆ.

ಎಂಟು ಗಂಟೆಗೆ ಜಗುಲಿ ತುಂಬಿತು. ಬಾಗಿಲ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತಿದ್ದ ನನಗೆ ಎಲ್ಲ ಕೇಳುತ್ತಿತ್ತು.

“ಎತ್ತು ಕೊಟ್ಟು ಮೇಕೆ ತಂದ್ರಿ ಕಣ್ರೀ,” ಎಂದರು ಗೌಡರು. ಬೂದಿಗೆರೆ ಕಡೆಯಿಂದ ನಮಗೆ ಗೂಡು ತರುವವರು. ಪಂದ್ಯವಿದ್ದರೆ ಮಾತ್ರ ಗೂಡಿಲ್ಲದೆಯೂ ಬರುತ್ತಿದ್ದರು.

ಶಾಲೆಯ ಮೇಷ್ಟ್ರು ಬಿಡಲಿಲ್ಲ. “ಆರು ವಿಕೆಟ್ ಬಿದ್ದ ದಿನ ಹೂವಿನ ಹಾರ ತಂದೋರು ನೀವೇ ಅಲ್ವೇ ಗೌಡ್ರೇ? ಮೇಕೆಗೇ ಹಾಕಿದ್ರಾ?”

“ಆ ಹಾರ ಒಣಗಿ ತಿಪ್ಪೆಗೆ ಹೋಯ್ತು. ಆಮೇಲೇನು ಕಡಿದ? ಮೂರು, ಒಂದು, ಸೊನ್ನೆ. ನಿಮ್ ಸ್ಕೂಲಲ್ಲಿ ಹಿಂಗೆ ನಂಬರ್ ತಗೊಂಡ್ರೆ ಪಾಸ್ ಮಾಡ್ತೀರಾ?”

“ಸ್ಪಿನ್ ಅಂದ್ರೆ ತಲೆ ಕೆಲಸ. ಹೊಸ ನೆಲ, ಹೊಸ ಮ್ಯಾಟು. ಹೊಂದ್ಕೊಳ್ಳೋಕೆ ಟೈಮ್ ಬೇಕು.”

“ನಮ್ಮೋನು ಅಲ್ಲಿಗೆ ಹೋದ ವಾರಕ್ಕೇ ಹೊಂದ್ಕೊಂಡ್ನಲ್ಲ.”

“ಅವನದು ಭುಜದ ಬೌಲಿಂಗ್ ಗೌಡ್ರೇ,” ಎಂದರು ನಮ್ಮವರು. “ಎಲ್ಲಿಗೆ ಹೋದ್ರೂ ಭುಜ ಜೊತೇಲೇ ಹೋಗುತ್ತೆ.”

“ಇವನು ತಲೆ ಏನು ದೇವನಹಳ್ಳಿ ಕೋಟೇಲಿ ಬಿಟ್ಟು ಬಂದವ್ನಾ?”

ಎಲ್ಲರೂ ನಕ್ಕರು. ಭಾವನವರು ನಗಲಿಲ್ಲ. ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಹೇಳಿದರು.

“ಇವತ್ತು ಮೂರು ವಿಕೆಟ್ ತೆಗೀಲಿ, ಇರ್ಲಿ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಇದ್ದಿಲು ಬಸ್ಸಿಗೆ ಹತ್ತಿಸ್ಬಿಡಿ. ಆಟಕ್ಕೇ ಆಗದೋನಿಗೆ ಬಾನಿ ಯಾಕೆ, ಕೋಣೆ ಯಾಕೆ. ನಮ್ಮೂರೋರು ಕೆಲಸ ಕೇಳ್ಕೊಂಡು ಬಾಗಿಲಿಗೆ ಬರ್ತಾವ್ರೆ.”

“ಅಲ್ಲಿ ಅವನ ಜಾಗಕ್ಕೆ ನಮ್ಮೋನೇ ಕೂತಿದಾನಲ್ಲಣ್ಣ,” ಎಂದು ನಮ್ಮವರು ಮೆಲ್ಲಗೆ ಹೇಳಿದರು. “ವಾಪಸ್ ಹೋಗಿ ಏನ್ಮಾಡ್ತಾನೆ?”

“ಅದನ್ನ ನಾನು ಕೇಳಿದ್ನಾ?”

ನಾನು ತಟ್ಟೆಯನ್ನು ನಮ್ಮವರ ಕೈಗೆ ದಾಟಿಸಿ ಒಳಗೆ ಬಂದೆ. ಹಿತ್ತಿಲ ಒರಳಿನ ಮುಂದೆ ಆ ಹುಡುಗಿ, ಬೌಲರ್ ಹೆಂಡತಿ, ಖಾರ ರುಬ್ಬಲು ಕುಳಿತಿದ್ದಳು. ಗುಂಡು ನಿಂತಿತ್ತು. ಜಗುಲಿಯ ಮಾತು ಅಲ್ಲಿಗೂ ಹೋಗಿತ್ತೆಂದು ಅವಳ ಮುಖ ನೋಡುವ ಮೊದಲೇ ತಿಳಿಯಿತು.

“ಅಕ್ಕಾ, ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ ಬರ್ತದೆ?” ಎಂದು ಕೇಳಿದಳು.

“ಖಾರ ನುಣ್ಣಗಾಗಲಿ ಕಣೆ,” ಎಂದೆ.

ಆಟ ಕೆರೆಯ ಏರಿಯ ಕೆಳಗಿನ ಬಯಲಿನಲ್ಲಿ. ನಮ್ಮ ಮಾಳಿಗೆಯಿಂದ ಚೆನ್ನಾಗಿ ಕಾಣುತ್ತಿತ್ತು. ಸಾರಿಗೆ ಕುದಿ ಬರುವ ಹೊತ್ತಿಗೆ ಒಮ್ಮೆ, ಹಿಟ್ಟು ಜರಡಿ ಹಿಡಿದ ಮೇಲೆ ಒಮ್ಮೆ, ಹೀಗೆ ಮೆಟ್ಟಿಲು ಹತ್ತಿ ಹತ್ತಿ ನೋಡಿದೆ. ದೇವನಹಳ್ಳಿಯವರು ಮೊದಲು ಬ್ಯಾಟು ಹಿಡಿದಿದ್ದರು. ನಮ್ಮ ಸ್ಪಿನ್ನಿನವರು ಪ್ರತಿ ಚೆಂಡಿಗೂ ಮೊದಲು ಕೈಯನ್ನು ಅಂಗಿಗೆ ಒರೆಸುತ್ತಿದ್ದರು. ಎಸೆದ ಮೇಲೆ ಚೆಂಡಿನ ಕಡೆ ನೋಡದೆ ತಮ್ಮ ಬೆರಳನ್ನು ನೋಡಿಕೊಳ್ಳುತ್ತಿದ್ದರು. ಚೆಂಡು ತಿರುಗುತ್ತಿರಲಿಲ್ಲ, ಜಾರಿ ಸೊಂಟದೆತ್ತರಕ್ಕೆ ಹೋಗುತ್ತಿತ್ತು. ಎತ್ತರದ ಹಳೆಯ ಆಳೇ ಬ್ಯಾಟು ಹಿಡಿದು ಮೂರು ಸಲ ಅದನ್ನು ಹಿಪ್ಪುನೇರಳೆ ತೋಟಕ್ಕೆ ಕಳಿಸಿದರು. ಏರಿಯ ಮೇಲೆ ಕೂತವರಲ್ಲಿ ಅರ್ಧ ಜನ ಎದ್ದುನಿಂತು ತಮ್ಮ ಎದುರಾಳಿಗೇ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ದೇವನಹಳ್ಳಿಯವರ ಆಟ ಮುಗಿಯಿತು. ನಮ್ಮ ಸ್ಪಿನ್ನಿನವರಿಗೆ ಒಂದು ವಿಕೆಟ್ಟೂ ಇಲ್ಲ.

ಮನೆಯ ನಡುವಿನ ಹಟ್ಟಿಯಲ್ಲಿ ಎರಡು ಸಾಲು ಎಲೆ. ಮುದ್ದೆ ತೊಳಸಲು ಪಕ್ಕದ ಮನೆಯ ಅಜ್ಜಿ ತಮ್ಮ ದೊಡ್ಡ ಪಾತ್ರೆಯೊಂದಿಗೆ ಬಂದು ನೆರವಾಗಿದ್ದರು. ನಾನು ಹೊಗೆಯಾಡುವ ಮುದ್ದೆ ಇಟ್ಟುಕೊಂಡು ಹೋದೆ, ಹಿಂದೆಯೇ ಹಿದುಕಿದ ಬೇಳೆಯ ಸಾರು ಬಂತು. ಬಿಸಿ ಮುದ್ದೆಯನ್ನು ಚಿವುಟಿ ನುಂಗುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ಸಾಲಿನಲ್ಲಿ ಒಬ್ಬರು ಮಾತ್ರ ಎಲೆಯನ್ನು ನೋಡುತ್ತಾ ಸುಮ್ಮನೆ ಕುಳಿತಿದ್ದರು.

ಅವರ ಪಕ್ಕದಲ್ಲೇ ಕೂತಿದ್ದ ಎತ್ತರದ ಆಳು ಮೊಣಕೈಯಲ್ಲಿ ತಿವಿದರು. “ಏನ್ಲಾ, ಮುದ್ದೆಗೆ ಕಾವಲು ಕೂತಿದೀಯ? ಅದನ್ನೂ ನಾನೇ ಹೊಡೀಲಾ?”

ಸಣ್ಣ ಮೈಯವರು ನಗಲು ನೋಡಿದರು. ಬೆರಳು ಚಾಚಿ ಮುದ್ದೆಗೆ ತಾಗಿಸಿದವರು ಕೂಡಲೇ ಹಿಂದೆಗೆದುಕೊಂಡರು. ಆಗ ಎರಡು ಕೈಗಳೂ ಒಂದರ ಪಕ್ಕ ಒಂದು ನನ್ನ ಕಣ್ಣ ಕೆಳಗೇ ಇದ್ದವು. ಕಾನ್ವೆಂಟಿನಲ್ಲಿ ದಿನಾ ಬೆಳಿಗ್ಗೆ ಸಿಸ್ಟರ್ ನಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆ ಅಭ್ಯಾಸ ನನಗೂ ಅಂಟಿತ್ತೇನೋ. ಗಿರಣಿಗೆ ಹೋದವರ ಬೆರಳುಗಳು ಒಣಗಿ, ಕಂದಾಗಿ, ಗಟ್ಟಿಯಾಗಿದ್ದವು. ನಮ್ಮಲ್ಲಿಗೆ ಬಂದವರ ಬೆರಳ ತುದಿಗಳು ಬೆಳ್ಳಗೆ ಉಬ್ಬಿ, ಸುಕ್ಕಾಗಿ, ಅಲ್ಲಲ್ಲಿ ಚರ್ಮ ಸುಲಿದು ಕೆಂಪು ಕಾಣುತ್ತಿತ್ತು. ಅಂಥ ಬೆರಳು ನಮ್ಮೂರಿನಲ್ಲಿ ಮನೆಗೆ ಇಬ್ಬರದಿರುತ್ತದೆ. ಅದಕ್ಕೇ ನಾಲ್ಕು ತಿಂಗಳು ಅದು ಯಾರಿಗೂ ಕಂಡಿರಲಿಲ್ಲ, ನನಗೂ.

ಕಂಬಕ್ಕೆ ಒರಗಿದ್ದ ಭಾವನವರು ಅಷ್ಟು ಹೊತ್ತಿಗೆ ನಮ್ಮವರಿಗೆ ಹೇಳುತ್ತಿದ್ದರು. “ಕೋಣೆ ಸಂಜೆಗೇ ಖಾಲಿ ಮಾಡಿಸ್ಬಿಡು. ಬೆಳಿಗ್ಗೆ ಗಡಿಬಿಡಿ ಬೇಡ.”

ನಮ್ಮವರು ತಲೆ ತಗ್ಗಿಸಿದರು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾನು ಭಾವನವರ ಎದುರು ನಿಂತು ಮಾತಾಡಿದವಳಲ್ಲ. ಆ ಮನೆಯಲ್ಲಿ ಅದು ಪದ್ಧತಿಯೂ ಅಲ್ಲ. ಸಾರಿನ ಪಾತ್ರೆಯನ್ನು ಕೆಳಗಿಟ್ಟೆ.

“ಭಾವ,” ಎಂದೆ. “ಅವರಿಬ್ಬರ ಕೈಯನ್ನೂ ಒಂದು ಸಲ ನೋಡಿ.”

ಭಾವನವರು ನನ್ನ ಕಡೆ ತಿರುಗಲಿಲ್ಲ. “ಏನಂತೆ ಇವಳಿಗೆ?” ಎಂದು ತಮ್ಮನನ್ನು ಕೇಳಿದರು.

ನಮ್ಮವರ ಮುಖ ಕೆಂಪಾಗಿತ್ತು. ನಾನು ನೆಲ ನೋಡಿಕೊಂಡೇ ಮುಂದುವರಿಸಿದೆ. “ಹೋದವರದು ಭುಜದ ಬೌಲಿಂಗ್, ಬಾನಿ ಮುಂದೆ ಕೂತರೂ ನಡೀತು. ಇವರು ಬೆರಳಿಂದ ಚೆಂಡು ತಿರುಗಿಸೋರು. ಆ ಬೆರಳನ್ನೇ ನಾವು ದಿನಾ ಕುದಿನೀರಲ್ಲಿ ಅದ್ದಿಸ್ತಾ ಇದೀವಿ.”

ಭಾವನವರು ನಿಧಾನವಾಗಿ ಬಂದು ಬಗ್ಗಿ, ಸಣ್ಣ ಮೈಯವರ ಮಣಿಕಟ್ಟು ಹಿಡಿದು ಅಂಗೈ ಮೇಲೆ ಮಾಡಿದರು. ಎತ್ತರದ ಆಳು ಯಾರೂ ಕೇಳದೆ ತಮ್ಮ ಕೈಯನ್ನೂ ಮುಂದೆ ಹಿಡಿದರು. “ಇಲ್ಲಿದ್ದಾಗ ನಂದೂ ಹಿಂಗೇ ಇತ್ತು ಯಜಮಾನ್ರೇ. ಈಗ ನೋಡಿ.”

“ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?” ಭಾವನವರು ಗದರಿದರು.

“ಕೊಟ್ಟಿಗೇಲಿ ಎಲ್ಲರ ಕೈಯೂ ಹಿಂಗೇ ಐತಲ್ಲ ಯಜಮಾನ್ರೇ,” ಎಂದರು ಆತ. “ನನ್ನೊಬ್ಬನದು ಏನಂತ ಹೇಳ್ಲಿ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ನೋಡಿದ್ರಾ ಗೌಡ್ರೇ. ಬದಲಾಯಿಸಿದ್ದು ತಪ್ಪಲ್ಲ, ಕೂರಿಸಿದ್ದು ತಪ್ಪು.”

“ಎರಡೂ ತಪ್ಪೇ. ಮಜ್ಜಿಗೆ ಬರ್ಲಿ,” ಎಂದರು ಗೌಡರು.

ಭಾವನವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಯಲಿಗೆ ಹೊರಟುಹೋದರು. ನಮ್ಮವರು ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಂತರು. “ಬಾನಿ ಮುಂದೆ ಕೂರಿಸಿದ್ದು ನಾನೇ,” ಎಂದಷ್ಟೇ ಹೇಳಿದರು. ಅದು ಕೋಪವೋ, ನಾಚಿಕೆಯೋ, ನನಗೆ ಇವತ್ತಿಗೂ ತಿಳಿಯದು.

ಆ ಮಧ್ಯಾಹ್ನ ನಾನು ಮಾಳಿಗೆ ಹತ್ತಲಿಲ್ಲ. ಎಲೆ ಎತ್ತಿ, ಸಾರಿಸಿ, ಪಾತ್ರೆ ಬೆಳಗುತ್ತಾ ಕೂಗಿಗೆ ಕಿವಿಗೊಟ್ಟೆ. ಕೂಗು ಬಂದಾಗೆಲ್ಲ ನಮ್ಮದೊಂದು ವಿಕೆಟ್ ಹೋಯಿತೆಂದು ಗೊತ್ತಾಗುತ್ತಿತ್ತು. ಎತ್ತರದ ಆಳಿನ ಹೆಸರನ್ನೇ ನಮ್ಮೂರಿನವರು ಕೂಗುತ್ತಿದ್ದರು. ಹಿತ್ತಿಲ ಕೋಣೆಯಲ್ಲಿ ಆ ಹುಡುಗಿ ಕೂಸಿನ ತೊಟ್ಟಿಲ ಹಗ್ಗ ಬಿಚ್ಚಿ ಸುತ್ತಿಟ್ಟಿದ್ದಳು. ಎರಡು ಸೀರೆ, ಒಂದು ಕಂಬಳಿ, ನಾಲ್ಕು ಪಾತ್ರೆ. ಗಂಟು ಕಟ್ಟಲು ಹೆಚ್ಚು ಹೊತ್ತೇನೂ ಬೇಕಾಗಿರಲಿಲ್ಲ. ಕಟ್ಟಲೋ ಬೇಡವೋ ಎಂದು ನನ್ನನ್ನು ಅವಳು ಕೇಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ತಂಡದವರು ಸೋತು ಬಂದರು. ಭಾವನವರು ಕಾಲು ತೊಳೆದು ನೇರ ಹಿತ್ತಿಲಿಗೆ ನಡೆದು, ಬಾವಿಕಟ್ಟೆಯ ಹತ್ತಿರ ನಿಂತು ಸ್ಪಿನ್ನಿನವರನ್ನು ಕರೆದರು.

“ನಾಳೆಯಿಂದ ಬಿಚ್ಚಿದ ನೂಲನ್ನ ಲಡಿ ಕಟ್ಟೋ ಕಡೆ ಕೂತ್ಕೊ. ಒಣ ಕೆಲಸ, ಕೈ ನೆನೆಯಲ್ಲ. ಯುಗಾದಿವರೆಗೂ ನೋಡಾಣ.”

ಹುಡುಗಿ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಕೋಣೆ ಬಿಡಬೇಕಾಗಿಲ್ಲ. ಆದ್ರೆ ಬಾನಿ ಖಾಲಿ ಬಿಡೋಕಾಗಲ್ಲ,” ಎಂದರು ಭಾವನವರು, ಹೋಗುತ್ತಾ ಹೋಗುತ್ತಾ. “ಬೆಳಿಗ್ಗೆ ನಿನ್ನ ಹೆಂಡ್ತಿ ಬಂದು ಕೂರ್ಲಿ.”

ಆತ ಕೈಮುಗಿದರು. ಹುಡುಗಿ ಓಡಿಬಂದು ನಾನು ಬೇಡಬೇಡವೆನ್ನುವಷ್ಟರಲ್ಲಿ ನನ್ನ ಕಾಲಿಗೆ ಬಿದ್ದಳು. ಎದ್ದು ಕೂಸನ್ನು ಎತ್ತಿಕೊಂಡು ಅದರ ಕೆನ್ನೆಯನ್ನು ಬೆರಳ ತುದಿಯಿಂದ ಸವರುತ್ತಾ, ಇನ್ನು ಇಲ್ಲೇ ಕಣೋ, ಇಲ್ಲೇ, ಎಂದು ಅದರ ಕಿವಿಗೆ ಹೇಳುತ್ತಿದ್ದಳು. ನಾನು ಭಾವನವರ ಹಿಂದೆ ಎರಡು ಹೆಜ್ಜೆ ಹೋದೆ. ಅವರು ಒಳಗೆ ಹೋಗಿ ಕದ ಎಳೆದುಕೊಂಡರು.

ದೀಪ ಹಚ್ಚುವ ಮುಂಚೆ ಪಕ್ಕದ ಮನೆಯ ಅಜ್ಜಿ ಪಾತ್ರೆ ಕೇಳಿಕೊಂಡು ಬಂದರು. ಬೆಳಗಿಟ್ಟಿದ್ದನ್ನು ತಂದುಕೊಟ್ಟೆ. ಆದದ್ದನ್ನೆಲ್ಲ ಹೇಳಿ, “ಇನ್ನು ಆ ಹುಡುಗಿಯ ಕೈ ಹಾಗಾಗುತ್ತಲ್ಲ ಅಜ್ಜಿ,” ಎಂದೆ.

ಅಜ್ಜಿ ಪಾತ್ರೆಯನ್ನು ಮಗುಚಿ, ತಳದ ಮಸಿ ಹೋಗಿದೆಯೇ ಎಂದು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾ ಹೇಳಿದರು, “ಆದ್ರೇನವ್ವ, ಅವಳೇನು ಚೆಂಡು ಎಸೀಬೇಕಾ?”